ಬೇರಿನಲ್ಲಿ ಅಡಗಿದ ಬೇನೆ: ಹೊಲದ ಬೆಳೆಗಳ ಜಂತುಹುಳುಗಳು ಮತ್ತು ಬೇರುರೋಗಗಳು

ರಾಜಸ್ಥಾನದ ಮರಳು ಮಿಶ್ರಿತ ಹಗುರ ಭೂಮಿಯಲ್ಲಿ ಗೋಧಿ ಮತ್ತು ಬಾರ್ಲಿ ಬೆಳೆಯುವ ರೈತರು ‘ಮೋಲ್ಯಾ’ ಎಂಬ ಒಂದು ಬೇನೆಯನ್ನು ಬಲ್ಲರು. ಹಿಂಗಾರಿನಲ್ಲಿ ಬಿತ್ತಿದ ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಕೆಲವು ವಾರಗಳು ಕಳೆಯುವಷ್ಟರಲ್ಲಿ ಹೊಲದ ನಡುವೆ ಅಲ್ಲಲ್ಲಿ ಪೈರು ಹಳದಿಗೆ ತಿರುಗಿ, ಕುಳ್ಳಾಗಿ, ತೆಂಡೆಯೊಡೆಯದೆ ನಿಂತುಬಿಡುತ್ತದೆ. ಸುತ್ತಲಿನ ಬೆಳೆ ಹಸಿರಾಗಿ ಎದ್ದಿರುವಾಗ ಈ ತುಂಡುಗಳು ಮಾತ್ರ ಬಡಕಲಾಗಿ ಕಾಣುತ್ತವೆ. ಮರುವರ್ಷ ಅದೇ ಹೊಲದಲ್ಲಿ ಗೋಧಿಯನ್ನೇ ಬಿತ್ತಿದರೆ ತುಂಡುಗಳು ಹಿರಿದಾಗುತ್ತವೆ. ಮೂರು ನಾಲ್ಕು ವರ್ಷಗಳಲ್ಲಿ ಒಂದನ್ನೊಂದು ಕೂಡಿಕೊಂಡು ಇಡೀ ಹೊಲವನ್ನೇ ಆವರಿಸುತ್ತವೆ.

ಇಂತಹ ಹೊಲವನ್ನು ಕಂಡ ಯಾರಿಗಾದರೂ ಮೊದಲು ತೋರುವ ಕಾರಣ ಗೊಬ್ಬರದ ಕೊರತೆ ಅಥವಾ ನೀರಿನ ಕೊರತೆ. ಆದ್ದರಿಂದ ರೈತರು ಯೂರಿಯಾ ಹಾಕುತ್ತಾರೆ, ಇನ್ನೊಂದು ನೀರು ಕೊಡುತ್ತಾರೆ. ಹಣ ವ್ಯಯವಾಗುತ್ತದೆಯೇ ಹೊರತು ಪೈರು ಚೇತರಿಸಿಕೊಳ್ಳುವುದಿಲ್ಲ. 1958ರಲ್ಲಿ ಸೀಕರ್ ಜಿಲ್ಲೆಯ ನೀಮ್ ಕಾ ಥಾನಾ ಪ್ರದೇಶದಿಂದ ಈ ಬೇನೆಯ ನಿಜವಾದ ಕಾರಣ ವರದಿಯಾಯಿತು. ದೋಷವಿದ್ದುದು ಮಣ್ಣಿನ ಸತ್ವದಲ್ಲಿ ಅಲ್ಲ, ಬೇರಿನಲ್ಲಿ. ಅಲ್ಲಿ ಕಣ್ಣಿಗೆ ಕಾಣದ ಜಂತುಹುಳುಗಳು ಮನೆ ಮಾಡಿಕೊಂಡಿದ್ದವು.

ಜಂತುಹುಳು ಎಂದರೇನು?

ಜಂತುಹುಳು ಎಂದೊಡನೆ ಮಕ್ಕಳ ಹೊಟ್ಟೆಯಲ್ಲಿರುವ ಹುಳುಗಳು ನೆನಪಾಗುವುದು ಸಹಜ. ಸಸ್ಯಗಳನ್ನು ಪೀಡಿಸುವ ಜಂತುಗಳೂ ಅದೇ ದೊಡ್ಡ ವರ್ಗಕ್ಕೆ ಸೇರಿದವು. ಆದರೆ ಇವು ಅತಿ ಸಣ್ಣವು. ಬಹುತೇಕ ಜಾತಿಗಳ ಉದ್ದ ಒಂದು ಮಿಲಿಮೀಟರನ್ನೂ ಮೀರುವುದಿಲ್ಲ. ದೇಹ ದಾರದ ತುಣುಕಿನಂತೆ ದುಂಡಗೆ, ಪಾರದರ್ಶಕವಾಗಿ ಇರುತ್ತದೆ. ಮಣ್ಣಿನ ಕಣಗಳ ನಡುವೆ ನಿಂತ ತೆಳುವಾದ ನೀರಿನ ಪದರದಲ್ಲಿ ಅವು ಹಾವಿನಂತೆ ಬಳುಕುತ್ತ ಚಲಿಸುತ್ತವೆ. ಮಣ್ಣಿನಲ್ಲಿರುವ ಎಲ್ಲ ಜಂತುಗಳೂ ಬೆಳೆಗೆ ಶತ್ರುಗಳಲ್ಲ ಎಂಬುದನ್ನೂ ಹೇಳಬೇಕು. ಅವುಗಳಲ್ಲಿ ಅನೇಕವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ತಿಂದು, ಕೊಳೆಯುವ ಕಸದಿಂದ ಪೋಷಕಾಂಶಗಳು ಬಿಡುಗಡೆಯಾಗಲು ನೆರವಾಗುತ್ತವೆ. ಸಸ್ಯಪೀಡಕ ಜಂತುವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಲಕ್ಷಣವೆಂದರೆ ಅದರ ಬಾಯಲ್ಲಿರುವ ಟೊಳ್ಳಾದ ಮುಳ್ಳು. ಈ ಮುಳ್ಳನ್ನು ಬೇರಿನ ಜೀವಕೋಶಕ್ಕೆ ಚುಚ್ಚಿ, ಜೊಲ್ಲನ್ನು ಒಳಗೆ ಬಿಟ್ಟು, ಕೋಶರಸವನ್ನು ಹೀರುವುದು ಅದರ ಕ್ರಮ.

ಭಾರತದಲ್ಲಿ ಬೇರುಗಂಟು ಜಂತುವಿನ ಮೊದಲ ವರದಿ 1901ರದು. ನೀಲಗಿರಿಯ ದೇವಾಲಾ ಪ್ರದೇಶದ ಚಹಾ ಗಿಡಗಳಲ್ಲಿ ಸಿ. ಎ. ಬಾರ್ಬರ್ ಅದನ್ನು ಗುರುತಿಸಿದರು. ಆದರೂ ಇದೊಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಲು ಇನ್ನೂ ಆರು ದಶಕಗಳು ಬೇಕಾದವು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಂತುಶಾಸ್ತ್ರ ವಿಭಾಗ ಆರಂಭವಾದುದು 1966ರಲ್ಲಿ. ಬೇರೆ ಬೇರೆ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳನ್ನು ಒಂದುಗೂಡಿಸುವ ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆ 1977ರಲ್ಲಿ ಕಾರ್ಯಾರಂಭ ಮಾಡಿತು. ಈ ಯೋಜನೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದ ಬೆಳೆಗಳಲ್ಲಿ ಜಂತುಗಳಿಂದಾಗುವ ನಷ್ಟ ಶೇಕಡಾ 21.3, ಹಣದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 10,200 ಕೋಟಿ ರೂಪಾಯಿ. ಇದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು 11 ಹೊಲದ ಬೆಳೆಗಳದು. ಕೀಟ ತಿಂದ ಎಲೆ ಕಣ್ಣಿಗೆ ಬೀಳುತ್ತದೆ, ತುಕ್ಕುರೋಗ ಬಂದ ತೆನೆ ಕಣ್ಣಿಗೆ ಬೀಳುತ್ತದೆ. ಈ ನಷ್ಟ ಮಾತ್ರ ‘ಈ ವರ್ಷ ಇಳುವರಿ ಕಡಿಮೆ’ ಎಂಬ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತದೆ.

ಮೋಲ್ಯಾ: ಒಂದು ಕೋಶದ ಕಥೆ

ಮೋಲ್ಯಾ ಬೇನೆಗೆ ಕಾರಣವಾದುದು ಧಾನ್ಯದ ಕೋಶಜಂತು. ಅದರ ಶಾಸ್ತ್ರೀಯ ನಾಮ ಹೆಟೆರೋಡೆರಾ ಅವೆನೆ. ಇದರ ಜೀವನಕ್ರಮ ರಾಜಸ್ಥಾನ, ಹರಿಯಾಣಗಳ ಹವಾಮಾನಕ್ಕೆ ಅಚ್ಚರಿಯೆನಿಸುವಷ್ಟು ಹೊಂದಿಕೊಂಡಿದೆ. ಬೇಸಿಗೆಯ ಉರಿಯಲ್ಲಿ ಅದು ಮಣ್ಣಿನೊಳಗೆ ಕಂದುಬಣ್ಣದ, ನಿಂಬೆಕಾಯಿಯ ಆಕಾರದ ಸಣ್ಣ ಕೋಶವಾಗಿ ಬಿದ್ದಿರುತ್ತದೆ. ಈ ಕೋಶ ಬೇರೇನೂ ಅಲ್ಲ, ಸತ್ತ ಹೆಣ್ಣು ಜಂತುವಿನ ಗಟ್ಟಿಯಾದ ಚರ್ಮ. ಅದರ ಒಳಗೆ ನೂರಾರು ಮೊಟ್ಟೆಗಳು ಭದ್ರವಾಗಿರುತ್ತವೆ. ನವೆಂಬರಿನಲ್ಲಿ ಭೂಮಿ ತಂಪಾಗಿ, ಗೋಧಿ ಬಿತ್ತನೆಗೆ ನೀರು ಕೊಟ್ಟಾಗ ಮೊಟ್ಟೆಗಳು ಒಡೆದು ಮರಿಗಳು ಹೊರಬರುತ್ತವೆ. ರೈತ ಬಿತ್ತುವ ಕಾಲಕ್ಕೇ ಶತ್ರುವೂ ಎಚ್ಚರಗೊಳ್ಳುತ್ತದೆ.

ಮರಿಗಳು ಎಳೆಬೇರಿನ ತುದಿಯ ಹಿಂಭಾಗದಲ್ಲಿ ಒಳಹೊಕ್ಕು, ಆಹಾರ ಹಾಗೂ ನೀರು ಸಾಗಿಸುವ ನಾಳಗಳ ಬಳಿ ನೆಲೆಸುತ್ತವೆ. ಅವುಗಳ ಜೊಲ್ಲಿನ ಪ್ರಭಾವದಿಂದ ಸುತ್ತಲಿನ ಜೀವಕೋಶಗಳ ಗೋಡೆಗಳು ಕರಗಿ, ಹಲವು ಕೋಶಗಳು ಒಂದಾಗಿ, ಜಂತುವಿಗೆ ಉಣಿಸುವ ಕಣಜವೇ ನಿರ್ಮಾಣವಾಗುತ್ತದೆ. ಗಿಡ ತನಗಾಗಿ ತಯಾರಿಸಿದ ಆಹಾರ ಅಲ್ಲಿಗೆ ಹರಿಯುತ್ತದೆ. ಬೇರಿನ ಬೆಳವಣಿಗೆ ತುದಿಯಲ್ಲಿ ನಿಂತು, ಪಕ್ಕದಲ್ಲಿ ಗಿಡ್ಡ ಕವಲುಗಳು ಒತ್ತಾಗಿ ಹೊರಡುತ್ತವೆ. ಕಿತ್ತು ನೋಡಿದರೆ ಬೇರು ಸಿಕ್ಕುಗಟ್ಟಿದ ಕೂದಲಿನಂತೆ ತೋರುತ್ತದೆ. ಹೆಣ್ಣು ಜಂತು ಉಬ್ಬುತ್ತ ಹೋಗಿ ಬೇರಿನ ಸಿಪ್ಪೆಯನ್ನು ಸೀಳಿ ಹೊರಚಾಚುತ್ತದೆ. ಬೆಳೆ ತೆನೆಗೆ ಬರುವ ಹೊತ್ತಿಗೆ, ಗಿಡವನ್ನು ಮಣ್ಣುಸಹಿತ ಅಗೆದು ನೀರಿನಲ್ಲಿ ಮೆಲ್ಲನೆ ಅಲುಬಿದರೆ, ಬೇರಿಗೆ ಅಂಟಿದ ಬಿಳಿಯ ಮುತ್ತಿನಂತಹ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ. ಕಟಾವಿನ ವೇಳೆಗೆ ಇವೇ ಕಂದುಬಣ್ಣಕ್ಕೆ ತಿರುಗಿ ಮಣ್ಣಿಗೆ ಉದುರುತ್ತವೆ.

ಈ ಜಂತುವಿಗೆ ವರ್ಷಕ್ಕೆ ಒಂದೇ ತಲೆಮಾರು. ಆದರೆ ಒಂದು ಕೋಶದ ಮೊಟ್ಟೆಗಳೆಲ್ಲ ಒಂದೇ ವರ್ಷ ಒಡೆಯುವುದಿಲ್ಲ. ಕೆಲವು ಮುಂದಿನ ವರ್ಷಗಳಿಗೆ ಉಳಿದುಕೊಳ್ಳುತ್ತವೆ. ಒಂದು ವರ್ಷ ಗೋಧಿ ಬಿಟ್ಟು ಬೇರೆ ಬೆಳೆ ಹಾಕಿದರೆ ಕಾಟ ಕಡಿಮೆಯಾಗುತ್ತದೆಯಾದರೂ ಪೂರ್ಣವಾಗಿ ತೊಲಗದಿರಲು ಇದೇ ಕಾರಣ. ಈ ಜಂತು ಹುಲ್ಲಿನ ಕುಲದ ಸಸ್ಯಗಳನ್ನು ಮಾತ್ರ ಅವಲಂಬಿಸಿರುವುದು ರೈತರ ಭಾಗ್ಯವೆನ್ನಬೇಕು. ಸಾಸಿವೆ, ಕಡಲೆ, ಮೆಂತೆ, ಈರುಳ್ಳಿ, ಕ್ಯಾರೆಟ್ ಇವು ಅದಕ್ಕೆ ಆಹಾರವಲ್ಲ. ಮರಿಗಳು ಹೊರಬಂದು, ತಿನ್ನಲು ಬೇರು ಸಿಗದೆ ಸಾಯುತ್ತವೆ. ಇದರೊಂದಿಗೆ ಮೇ, ಜೂನ್ ತಿಂಗಳ ಬಿಸಿಲಿನಲ್ಲಿ ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ಆಳವಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ. ಎತ್ತಿನ ಬಾಡಿಗೆ ಅಥವಾ ಟ್ರ್ಯಾಕ್ಟರಿನ ಡೀಸೆಲ್ ಬಿಟ್ಟರೆ ಈ ಕ್ರಮಕ್ಕೆ ಬೇರೆ ಖರ್ಚಿಲ್ಲ.

ನಿರೋಧಕ ತಳಿಗಳ ಶೋಧನೆಯೂ ನಡೆಯಿತು. ಬಾರ್ಲಿಯಲ್ಲಿ ರಾಜಕಿರಣ್, ಆರ್‌ಡಿ 2035, ಆರ್‌ಡಿ 2052 ತಳಿಗಳೂ ಗೋಧಿಯಲ್ಲಿ ರಾಜ್ ಎಂಆರ್-1 ತಳಿಯೂ ರಾಜಸ್ಥಾನದಲ್ಲಿ ಬಳಕೆಗೆ ಬಂದವು. ಇಲ್ಲಿ ಒಂದು ತಪ್ಪು ಕಲ್ಪನೆಗೆ ಅವಕಾಶವಿದೆ. ನಿರೋಧಕ ತಳಿಯ ಬೇರಿನೊಳಗೂ ಮರಿಗಳು ಹೊಕ್ಕೇ ಹೊಗುತ್ತವೆ. ಆದರೆ ಅಲ್ಲಿ ಅವುಗಳಿಗೆ ಬೇಕಾದ ಕಣಜ ಸರಿಯಾಗಿ ರೂಪುಗೊಳ್ಳದೆ ಹೆಣ್ಣುಗಳು ಬೆಳೆಯುವುದಿಲ್ಲ; ಹೊಸ ಮೊಟ್ಟೆಗಳು ಮಣ್ಣಿಗೆ ಸೇರುವುದಿಲ್ಲ. ಹಾಗಾಗಿ ವಿಪರೀತ ಕಾಟವಿರುವ ಹೊಲದಲ್ಲಿ ಮೊದಲ ವರ್ಷ ನಿರೋಧಕ ತಳಿಯೂ ತುಸು ಸೊರಗಬಹುದು. ಅದನ್ನು ಕಂಡು ‘ಬೀಜ ಸುಳ್ಳು’ ಎಂದು ಕೈಬಿಡುವುದು ಸರಿಯಲ್ಲ. ತಳಿಯ ನಿಜವಾದ ಪ್ರಯೋಜನ ದೊರೆಯುವುದು ಮುಂದಿನ ಬೆಳೆಗೆ.

ಬೀಜದೊಂದಿಗೆ ಬರುವ ಜಂತು

ಎಲ್ಲ ಜಂತುಗಳೂ ಬೇರಿನಲ್ಲಿಯೇ ಇರುತ್ತವೆಂದಲ್ಲ. ವಿಜ್ಞಾನದ ಕಣ್ಣಿಗೆ ಮೊಟ್ಟಮೊದಲು ಬಿದ್ದ ಸಸ್ಯಜಂತು ಗೋಧಿಯ ತೆನೆಯಲ್ಲಿತ್ತು. 1743ರಲ್ಲಿ ಇಂಗ್ಲೆಂಡಿನ ಪಾದ್ರಿ ನೀಡ್‌ಹ್ಯಾಮ್ ಮುರುಟಿದ ಗೋಧಿಕಾಳೊಂದನ್ನು ಒಡೆದು, ಒಳಗಿದ್ದ ಬಿಳಿಯ ನಾರಿನಂತಹ ಪುಡಿಗೆ ನೀರು ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ನಾರುಗಳು ಜೀವ ತಳೆದು ಹೊರಳಾಡತೊಡಗಿದವು. ಈ ಜಂತು ಗೋಧಿಕಾಳಿನ ಸ್ಥಾನದಲ್ಲಿ ಕಪ್ಪು ಗಂಟುಗಳನ್ನು ಉಂಟುಮಾಡುತ್ತದೆ. ಒಂದೊಂದು ಗಂಟಿನಲ್ಲಿ ಸಾವಿರಾರು ಮರಿಗಳು ಒಣಗಿದ ಸ್ಥಿತಿಯಲ್ಲಿ ದಶಕಗಳವರೆಗೆ ಬದುಕಿರಬಲ್ಲವು. ಇದರೊಂದಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿಕೊಂಡರೆ ತೆನೆಯಿಂದ ಹಳದಿ ಅಂಟು ಸೋರುವ ‘ತುಂಡು’ ರೋಗ ಬರುತ್ತದೆ. ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ರೈತರಿಗೆ ಇದು ಪರಿಚಿತ.

ಇಷ್ಟು ಭಯಂಕರವೆನಿಸುವ ಈ ಪೀಡೆಯ ನಿವಾರಣೆ ಮಾತ್ರ ಅತ್ಯಂತ ಸುಲಭ. ಮಣ್ಣಿನಲ್ಲಿ ಬಹುಕಾಲ ಉಳಿಯಲಾರದ ಈ ಜಂತು ಬೀಜದ ಜೊತೆಗೆ ಬೆರೆತ ಗಂಟುಗಳ ಮೂಲಕವೇ ಹೊಲ ಸೇರುತ್ತದೆ. ಗಂಟುಗಳು ಒಳ್ಳೆಯ ಕಾಳಿಗಿಂತ ಹಗುರ. ಹತ್ತು ಲೀಟರ್ ನೀರಿಗೆ ಎರಡು ಕಿಲೋ ಉಪ್ಪು ಕರಗಿಸಿ ಬೀಜವನ್ನು ಸುರಿದು ಕಲಕಿದರೆ ಗಂಟುಗಳು ತೇಲುತ್ತವೆ. ತೇಲಿದವನ್ನು ತೆಗೆದು ಸುಡಬೇಕು. ತಳದಲ್ಲಿ ಉಳಿದ ಬೀಜವನ್ನು ಸಾದಾ ನೀರಿನಲ್ಲಿ ಎರಡು ಮೂರು ಸಲ ತೊಳೆದು ನೆರಳಿನಲ್ಲಿ ಒಣಗಿಸಿ ಬಿತ್ತಬೇಕು. ಯಂತ್ರಗಳಿಂದ ಬೀಜ ಶುದ್ಧಿ ಮಾಡುವ ದೇಶಗಳಲ್ಲಿ ಈ ಜಂತು ಬಹುಮಟ್ಟಿಗೆ ಕಣ್ಮರೆಯಾಗಿದೆ.

ತೊಗರಿಯ ನೆಟೆರೋಗ: ಇಬ್ಬರು ಶತ್ರುಗಳು

ಕಲಬುರಗಿ ಕಡೆಯವರು ನೆಟೆರೋಗವೆನ್ನುವುದನ್ನೇ ಮಹಾರಾಷ್ಟ್ರದವರು ‘ಮರ್’ ಎಂದೂ ಹೈದರಾಬಾದ್ ಸುತ್ತಲಿನವರು ‘ಎಂಡು ತೆಗುಲು’ ಎಂದೂ ಹಿಂದಿ ಪ್ರದೇಶದವರು ‘ಉಕಠಾ’ ಎಂದೂ ಕರೆಯುತ್ತಾರೆ. ಹೂ, ಕಾಯಿ ಕಟ್ಟುವ ಹೊತ್ತಿಗೆ ತೊಗರಿ ಗಿಡ ನಿಂತಲ್ಲೇ ಬಾಡಿ ಒಣಗುತ್ತದೆ. ಮಣ್ಣಿನಲ್ಲಿ ತೇವವಿದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆಗಪ್ಪು ಪಟ್ಟೆ ಹಬ್ಬಿರುತ್ತದೆ. ಕಾಂಡವನ್ನು ಸೀಳಿದರೆ ಒಳಗಿನ ಕಟ್ಟಿಗೆಯಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಇದಕ್ಕೆ ಕಾರಣವಾದ ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿ ಹೆಸರಿಟ್ಟವರು ಇ. ಜೆ. ಬಟ್ಲರ್. ಬಂಗಾಳದ ಭತ್ತವನ್ನು ಕಾಡುತ್ತಿದ್ದ ‘ಉಫ್ರಾ’ ರೋಗಕ್ಕೆ ಜಂತುಹುಳುವೇ ಕಾರಣವೆಂದು 1913ರಲ್ಲಿ ತೋರಿಸಿದವರೂ ಅವರೇ. ಶಿಲೀಂಧ್ರ ಮತ್ತು ಜಂತು ಎರಡರ ಅಧ್ಯಯನವೂ ಈ ದೇಶದಲ್ಲಿ ಒಬ್ಬನೇ ವಿಜ್ಞಾನಿಯ ಕೈಯಲ್ಲಿ ಮುಂದುವರಿದುದು ಗಮನಾರ್ಹ, ಏಕೆಂದರೆ ಹೊಲದಲ್ಲಿ ಅವೆರಡೂ ಬೇರೆ ಬೇರೆಯಾಗಿ ಇರುವುದಿಲ್ಲ.

1892ರಷ್ಟು ಹಿಂದೆಯೇ ಅಮೆರಿಕದ ಅಲಬಾಮಾದಲ್ಲಿ ಅಟ್ಕಿನ್‌ಸನ್ ಎಂಬ ವಿಜ್ಞಾನಿ, ಬೇರುಗಂಟು ಜಂತುಗಳಿರುವ ಹತ್ತಿಹೊಲದಲ್ಲಿ ಸೊರಗುರೋಗ ಹೆಚ್ಚು ತೀವ್ರವಾಗಿರುವುದನ್ನು ಗುರುತಿಸಿದ್ದರು. ತೊಗರಿಯಲ್ಲಿಯೂ ಇಂತಹುದೇ ಜೊತೆಗಾರಿಕೆ ಕಂಡುಬಂದಿದೆ. ತೊಗರಿಯ ಕೋಶಜಂತುವನ್ನು ದೆಹಲಿಯಲ್ಲಿ ಕಂಡುಹಿಡಿದು 1967ರಲ್ಲಿ ಕೋಶಿ ಅವರು ಅದಕ್ಕೆ ಹೆಟೆರೋಡೆರಾ ಕಜಾನಿ ಎಂದು ಹೆಸರಿಟ್ಟರು. ಮೋಲ್ಯಾದ ಜಂತುವಿನಂತಲ್ಲದೆ ಇದು ಒಂದೇ ಹಂಗಾಮಿನಲ್ಲಿ ಹಲವು ತಲೆಮಾರುಗಳನ್ನು ಪೂರೈಸುತ್ತದೆ. ರೋಗಕ್ಕೆ ಸುಲಭವಾಗಿ ತುತ್ತಾಗುವ ತೊಗರಿ ಗಿಡಗಳಿಗೆ ಶಿಲೀಂಧ್ರದೊಂದಿಗೆ ಈ ಜಂತುವೂ ತಗುಲಿದರೆ, ಶಿಲೀಂಧ್ರವೊಂದೇ ಇದ್ದಾಗಿಗಿಂತ ಬೇಗನೆ ಮತ್ತು ಹೆಚ್ಚು ಗಿಡಗಳು ಬಾಡುತ್ತವೆಂದು ಪ್ರಯೋಗಗಳು ತೋರಿಸಿವೆ. ಜಂತು ಚುಚ್ಚಿದ ಗಾಯ ಶಿಲೀಂಧ್ರಕ್ಕೆ ಬಾಗಿಲಾಗುತ್ತದೆ ಎಂಬುದು ಇದರ ಒಂದು ವಿವರಣೆ. ಆದರೆ ಅಷ್ಟೇ ಆಗಿದ್ದರೆ ಸೂಜಿಯಿಂದ ಚುಚ್ಚಿದ ಬೇರಿಗೂ ಅದೇ ಗತಿ ಬರಬೇಕಿತ್ತು. ಜಂತು ಬೇರಿನ ಒಳಗಿನ ರಸಾಯನಕ್ರಿಯೆಯನ್ನೇ ಬದಲಿಸಿ, ಶಿಲೀಂಧ್ರಕ್ಕೆ ಹಿತವಾದ ನೆಲೆಯನ್ನು ಒದಗಿಸುತ್ತದೆ ಎಂಬ ಅಭಿಪ್ರಾಯ ಹೆಚ್ಚು ಬಲವಾಗಿದೆ.

ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತೊಗರಿಬೇರಿನ ಜಂತುಬಾಧೆಗೆ ಸರಳವಾದ ಹೆಸರುಗಳನ್ನು ಕೊಟ್ಟಿದ್ದಾರೆ. ಕೋಶಜಂತು ತಗುಲಿದರೆ ‘ಮುತ್ತುಬೇರು’. ಮೂತ್ರಪಿಂಡದ ಆಕಾರದ ಇನ್ನೊಂದು ಜಂತು ತಗುಲಿದರೆ ‘ಕೊಳೆಬೇರು’. ಈ ಜಂತುವಿನ ಅಂಟಿನಂತಹ ಮೊಟ್ಟೆಗುಂಪಿಗೆ ಮಣ್ಣಿನ ಕಣಗಳು ಹತ್ತಿಕೊಂಡು, ಎಷ್ಟು ತೊಳೆದರೂ ಬೇರು ಮಾಸಿದಂತೆಯೇ ಇರುತ್ತದೆ.

ನೆಟೆರೋಗದ ವಿರುದ್ಧ ನಡೆದ ಕೆಲಸದ ಕ್ರಮ ಸಾಮಾನ್ಯ ಓದುಗರಿಗೆ ವಿಚಿತ್ರವೆನಿಸಬಹುದು. ರೋಗವನ್ನು ಹೋಗಲಾಡಿಸುವ ಬದಲು ಒಂದು ಹೊಲದಲ್ಲಿ ಅದನ್ನು ಬೇಕೆಂದೇ ಬೆಳೆಸಲಾಯಿತು. ರೋಗದಿಂದ ಸತ್ತ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸುತ್ತ, ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯನ್ನೇ ಮತ್ತೆ ಮತ್ತೆ ಬಿತ್ತುತ್ತ ‘ರೋಗದ ಮಡಿ’ ಸಿದ್ಧಪಡಿಸಲಾಯಿತು. ದೇಶದ ಮೂಲೆಮೂಲೆಗಳಿಂದ ಸಂಗ್ರಹಿಸಿದ ತೊಗರಿಯ ಬೀಜಗಳನ್ನು ಅಲ್ಲಿ ಸಾಲಾಗಿ ಬಿತ್ತಿ, ಬದುಕುಳಿದ ಗಿಡಗಳ ಬೀಜವನ್ನು ಆಯ್ದು ಮುಂದುವರಿಸಲಾಯಿತು. ಹೀಗೆ ಮಹಾರಾಷ್ಟ್ರದ ನಾಟಿ ತಳಿಯೊಂದರಿಂದ ಆಯ್ದ ಐಸಿಪಿ 8863 ಎಂಬ ಸಾಲು ‘ಮಾರುತಿ’ ಎಂಬ ಹೆಸರಿನಿಂದ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ನೆಟೆರೋಗದಿಂದ ಕಂಗೆಟ್ಟಿದ್ದ ಉತ್ತರ ಕರ್ನಾಟಕದ ರೈತರು ಅದನ್ನು ಬಹುಬೇಗ ಒಪ್ಪಿಕೊಂಡರು. ನೆರೆಯ ಮಹಾರಾಷ್ಟ್ರ, ಆಂಧ್ರ ಪ್ರದೇಶಗಳ ಹೊಲಗಳಿಗೂ ಅದು ಹಬ್ಬಿತು.

ಮಾರುತಿಗೆ ಒಂದು ಕೊರತೆಯಿತ್ತು. ನೆಟೆರೋಗವನ್ನು ತಡೆದುಕೊಂಡರೂ, ಹೂಬಿಡದೆ ಗಿಡ ಪೊದೆಯಾಗಿಯೇ ಉಳಿಯುವ ಗೊಡ್ಡುರೋಗವನ್ನು ಅದು ತಡೆಯಲಾರದು. ಎರಡನ್ನೂ ತಡೆಯಬಲ್ಲ ‘ಆಶಾ’ ತಳಿ 1993ರಲ್ಲಿ ಬಂದಿತು. ತಳಿ ಯಾವುದೇ ಆಗಲಿ, ನೆಟೆರೋಗದ ಶಿಲೀಂಧ್ರ ಹೊಲದಲ್ಲಿ ಉಳಿದ ತೊಗರಿಕಟ್ಟಿಗೆಯ ಕೂಳೆಯಲ್ಲಿ ಸುಮಾರು ಮೂರು ವರ್ಷ ಜೀವ ಹಿಡಿದಿರುವುದರಿಂದ, ಜೋಳದೊಂದಿಗೆ ಬೆರೆಸಿ ಬೆಳೆಯುವ ಅಥವಾ ಜೋಳವನ್ನು ಸರದಿಯಲ್ಲಿ ತರುವ ಹಿರಿಯರ ರೂಢಿಗೆ ಇಂದಿಗೂ ಬೆಲೆಯಿದೆ.

ಭತ್ತ ಮತ್ತು ನೀರು

ನಿಂತ ನೀರಿನಲ್ಲಿ ಬೆಳೆಯುವ ಭತ್ತಕ್ಕೆ ಬೇರುಗಂಟು ಜಂತುವಿನ ಭಯವಿಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಈ ನಂಬಿಕೆ ಈಗ ಸಡಿಲಗೊಂಡಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಮಂಡ್ಯ ಮತ್ತು ಶಿವಮೊಗ್ಗ ಜಿಲ್ಲೆಗಳ ಗದ್ದೆಗಳಿಂದಲೇ ಇದರ ಹಾವಳಿ ವರದಿಯಾಯಿತು. ಬೇರಿನ ತುದಿ ಊದಿಕೊಂಡು ಕೊಕ್ಕೆಯಂತೆ ಬಾಗುವುದು ಇದರ ಗುರುತು. ಗದ್ದೆಯಲ್ಲಿ ನೀರು ನಿಂತಿರುವಾಗ ಮರಿಗಳು ಹೊಸ ಬೇರಿಗೆ ಹೊಗಲಾರವು, ಆದರೆ ಸಾಯುವುದೂ ಇಲ್ಲ. ನೀರು ಇಳಿದೊಡನೆ ದಾಳಿ ಆರಂಭವಾಗುತ್ತದೆ. ಕಾಲುವೆಯ ನೀರು ಸರದಿಯ ಮೇಲೆ ಬರುವ ಕಡೆಗಳಲ್ಲಿ, ಒಣ ಸಸಿಮಡಿಗಳಲ್ಲಿ, ನೀರು ಉಳಿಸಲೆಂದು ನೇರ ಬಿತ್ತನೆ ಮಾಡಿದ ಹೊಲಗಳಲ್ಲಿ ಅದಕ್ಕೆ ಅನುಕೂಲ ಹೆಚ್ಚು. ನೀರಿನ ಮಿತವ್ಯಯ ಅಗತ್ಯವೇ ಸರಿ. ಅದರ ಜೊತೆಗೆ ಈ ಹೊಸ ತೊಂದರೆಯೂ ಬರುತ್ತದೆಂಬುದನ್ನು ಯೋಜನೆ ಹಾಕುವವರು ಮರೆಯುವಂತಿಲ್ಲ. ಮೇಲೆ ಹೇಳಿದ 2020ರ ಅಂದಾಜಿನಲ್ಲಿ ಈ ಒಂದು ಜಂತುವಿನಿಂದಲೇ ಭತ್ತಕ್ಕೆ ಆಗುವ ನಷ್ಟ ಸುಮಾರು 2,300 ಕೋಟಿ ರೂಪಾಯಿ. ಸಸಿಮಡಿಯಲ್ಲಿ ಕಾಟವಿದ್ದರೆ ಸಸಿಗಳೊಂದಿಗೆ ಅದು ಗದ್ದೆಗೂ ಹೋಗುವುದರಿಂದ, ಕಿತ್ತ ಸಸಿಗಳ ಬೇರನ್ನು ನೋಡಿಯೇ ನಾಟಿ ಮಾಡುವುದು ಕ್ಷೇಮ.

ಔಷಧಿಗಳ ಮಿತಿ

ಜಂತುನಾಶಕ ರಾಸಾಯನಿಕಗಳ ಇತಿಹಾಸ ಉತ್ಸಾಹದಾಯಕವಾಗಿಲ್ಲ. ಒಂದು ಕಾಲದಲ್ಲಿ ಹಲವು ದೇಶಗಳಲ್ಲಿ ಮಣ್ಣಿಗೆ ಸೇರಿಸುತ್ತಿದ್ದ ಡಿಬಿಸಿಪಿ ಎಂಬ ರಾಸಾಯನಿಕ, ಅದನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಸಂತಾನಹೀನತೆ ಉಂಟುಮಾಡಿದುದು 1977ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದಿತು. ಭಾರತದಲ್ಲಿಯೂ ಅದು ನಿಷಿದ್ಧ. ನಮ್ಮ ರೈತರಿಗೆ ಚಿರಪರಿಚಿತವಾಗಿದ್ದ ಫೋರೇಟ್ ಹರಳಿನ ಬಳಕೆಯೂ 2020ರ ಅಂತ್ಯಕ್ಕೆ ನಿಂತಿತು. ಹಳೆಯ ಕರಪತ್ರಗಳಲ್ಲಿ ಇವುಗಳ ಹೆಸರು ಕಂಡರೆ ಅನುಸರಿಸಬಾರದು. ಬೇವಿನ ಹಿಂಡಿ, ಚೆಂಡು ಹೂವಿನ ಬೆಳೆ, ಜಂತುವಿನ ಮೊಟ್ಟೆಗಳನ್ನು ತಿನ್ನುವ ಶಿಲೀಂಧ್ರಗಳು, ಬೀಜಕ್ಕೆ ಲೇಪಿಸುವ ಸೂಡೊಮೊನಾಸ್ ಬ್ಯಾಕ್ಟೀರಿಯಾ ಇವು ಈಗ ಶಿಫಾರಸಿನಲ್ಲಿವೆ. ಇವು ನಿಧಾನವಾಗಿ ಫಲ ಕೊಡುವಂಥವು. ಬೇಸಿಗೆಯ ಉಳುಮೆ ಮತ್ತು ಬೆಳೆ ಪರಿವರ್ತನೆಯ ಜೊತೆಗೆ ಬಳಸಿದಾಗಲೇ ಪ್ರಯೋಜನ ಹೆಚ್ಚು.

ಬೇರನ್ನು ಪರೀಕ್ಷಿಸುವ ಬಗೆ

ಯಾವ ಕ್ರಮಕ್ಕೂ ಮೊದಲು ರೋಗದ ಗುರುತು ಸರಿಯಾಗಿ ಸಿಗಬೇಕು. ಗಿಡವನ್ನು ಕೈಯಿಂದ ಎಳೆದು ಕಿತ್ತರೆ ಎಳೆಬೇರುಗಳೂ ಅವುಗಳ ಮೇಲಿನ ಜಂತುಗಳೂ ಮಣ್ಣಿನಲ್ಲಿಯೇ ಉಳಿಯುತ್ತವೆ. ಸಲಿಕೆಯಿಂದ ಸುತ್ತಲೂ ಅಗೆದು, ಹೆಂಟೆಸಹಿತ ಎತ್ತಿ ಬಕೆಟ್ಟಿನ ನೀರಿನಲ್ಲಿ ನೆನೆಯಲು ಬಿಡಬೇಕು. ಬೇಳೆಕಾಳಿನ ಬೆಳೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅವುಗಳ ಬೇರಿನಲ್ಲಿ ಸಾರಜನಕ ಒದಗಿಸುವ ಉಪಕಾರಿ ಗಂಟುಗಳೂ ಇರುತ್ತವೆ. ಇವು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ಸುಲಭವಾಗಿ ಕಳಚಿ ಬರುತ್ತವೆ. ಸೀಳಿದರೆ ಒಳಗೆ ನಸುಗೆಂಪು. ಜಂತುವಿನ ಗಂಟಾದರೋ ಬೇರೇ ಊದಿಕೊಂಡುದು. ಬೇರು ತುಂಡಾಗದೆ ಅದು ಕಳಚುವುದಿಲ್ಲ.

ಪ್ರಯೋಗಶಾಲೆಗೆ ಮಾದರಿ ಕಳುಹಿಸುವುದಾದರೆ ಪೂರ್ತಿ ಸತ್ತ ಗಿಡದ ಬುಡದಿಂದ ಮಣ್ಣು ತೆಗೆಯಬಾರದು. ಆಹಾರ ಮುಗಿದೊಡನೆ ಜಂತುಗಳು ಅಲ್ಲಿಂದ ಚದುರಿರುತ್ತವೆ. ಹಳದಿಯಾಗುತ್ತಿರುವ ತುಂಡಿನ ಅಂಚಿನಲ್ಲಿ, ಹತ್ತು ಹನ್ನೆರಡು ಕಡೆ, ಮೇಲ್ಮಣ್ಣು ಸರಿಸಿ 15ರಿಂದ 20 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಎಳೆಬೇರುಗಳೊಂದಿಗೆ ತೆಗೆದು ಬೆರೆಸಿ, ಅದರಿಂದ ಅರ್ಧ ಕಿಲೋದಷ್ಟನ್ನು ಪಾಲಿಥೀನ್ ಚೀಲದಲ್ಲಿ ಕಟ್ಟಬೇಕು. ಚೆನ್ನಾಗಿ ಬೆಳೆದಿರುವ ಭಾಗದಿಂದಲೂ ಇನ್ನೊಂದು ಚೀಲ ಬೇಕು; ಎರಡನ್ನೂ ಹೋಲಿಸದೆ ಎಣಿಕೆಗೆ ಅರ್ಥವಿರುವುದಿಲ್ಲ. ಬೆಳೆಯ ಹೆಸರು, ಹಿಂದಿನ ಎರಡು ವರ್ಷ ಬೆಳೆದ ಬೆಳೆಗಳು, ಊರು ಮತ್ತು ದಿನಾಂಕವನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ಇಡುವುದು ಒಳ್ಳೆಯದು. ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ. ನಗರದಲ್ಲಿ ನೆಲೆಸಿ ಊರಿನ ಹೊಲವನ್ನು ಇತರರ ಕೈಗೆ ಒಪ್ಪಿಸಿದವರು ರಜೆಯಲ್ಲಿ ಹೋದಾಗ ಈ ಕೆಲಸವನ್ನು ತಾವೇ ಮಾಡಬಹುದು. ಚೀಲವನ್ನು ಬಿಸಿಲಿನಲ್ಲಿ ಅಥವಾ ಮುಚ್ಚಿದ ವಾಹನದೊಳಗೆ ಇಡಬಾರದು. ಪರೀಕ್ಷೆಯಲ್ಲಿ ಮಣ್ಣಿನ ಜಂತುಗಳು ತಾವಾಗಿಯೇ ನೀರಿಗೆ ಇಳಿದು ಬರಬೇಕು. ದಾರಿಯಲ್ಲಿ ಸತ್ತವು ಇಳಿಯುವುದಿಲ್ಲ, ವರದಿಯಲ್ಲಿ ‘ಇಲ್ಲ’ ಎಂದೇ ಬರುತ್ತದೆ.